ಶುಕ್ರವಾರದ ಸೈರನ್ ಕೂಗುವ ಮುಂಚೆ: ಶಬ್ಬತ್ ಆಚರಿಸುವ ಮನೆಯಲ್ಲಿ ಅಂಗವಿಕಲರ ಆರೈಕೆ, ಹಂತ ಹಂತವಾಗಿ

ಇಸ್ರೇಲಿನಲ್ಲಿ ಆರೈಕೆಯ ಕೆಲಸಕ್ಕೆ ಸೇರಿದ ಮಂಗಳೂರು, ಉಡುಪಿ ಕಡೆಯವರಿಂದ ನನಗೆ ಬರುವ ಕರೆಗಳಲ್ಲಿ ಬಹುಪಾಲು ಶನಿವಾರ ರಾತ್ರಿಯವು. ಕಥೆ ಒಂದೇ. ವಾರವಿಡೀ ಎಲ್ಲವೂ ಸರಿಯಿತ್ತು. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಏನೋ ಮರೆತದ್ದು ನೆನಪಾಯಿತು. ಕೇಳಿದರೆ ಮನೆಯವರು ಉತ್ತರ ಕೊಡಲಿಲ್ಲ, ಕೇಳದೆ ಮಾಡಿದರೆ ಮುಖ ಗಂಟಿಕ್ಕಿದರು, ಸುಮ್ಮನಿದ್ದರೆ ಹಾಸಿಗೆ ಹಿಡಿದ ಅಜ್ಜಿ ಬೆಳಗಿನವರೆಗೆ ನರಳಿದರು.

ಶಬ್ಬತ್ ಎಂದರೆ ಯಹೂದಿಗಳ ವಾರದ ವಿಶ್ರಾಂತಿಯ ದಿನ. ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಮನೆಯಲ್ಲಿ ದೀಪ ಹಚ್ಚುವುದರೊಂದಿಗೆ ಶುರುವಾಗಿ ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ, ಸುಮಾರು 25 ಗಂಟೆ ನಡೆಯುತ್ತದೆ. ಆ ಹೊತ್ತಿನಲ್ಲಿ 39 ಬಗೆಯ ಕೆಲಸಗಳಿಗೆ ನಿಷೇಧವಿದೆ. ಬೆಂಕಿ ಹಚ್ಚುವುದು, ಬೇಯಿಸುವುದು, ಅರೆಯುವುದು, ಹರಿಯುವುದು, ಬರೆಯುವುದು, ಹಿಂಡುವುದು ಎಲ್ಲ ಅದರಲ್ಲಿ ಸೇರಿವೆ. ವಿದ್ಯುತ್ ಸ್ವಿಚ್ಚು ಒತ್ತುವಂತೆಯೂ ಇಲ್ಲ.

"ನಾನು ಯಹೂದಿಯಲ್ಲವಲ್ಲ, ನನಗೇನು?" ಎಂದು ಹಲವರು ಕೇಳುತ್ತಾರೆ. ನಿಮಗೆ ನಿಷೇಧವಿಲ್ಲ, ನಿಜ. ರೋಗಿಯ ಅಗತ್ಯಕ್ಕಾಗಿ ಯಹೂದಿಯಲ್ಲದವರು ಮಾಡಿದ ಕೆಲಸಕ್ಕೆ ಧರ್ಮಶಾಸ್ತ್ರವೂ ದಾರಿ ಬಿಟ್ಟಿದೆ. ಆದರೆ ಯಾವುದು ರೋಗಿಯ ಅಗತ್ಯ, ಯಾವುದು ಮನೆಯವರ ಅನುಕೂಲ ಎಂಬ ಗೆರೆ ಮನೆಯಿಂದ ಮನೆಗೆ ಬೇರೆ. ಜೊತೆಗೆ ನಿಮ್ಮ ರಜೆ ಶನಿವಾರವೇ ಬಿದ್ದರೆ ಆ ದಿನ ಅಜ್ಜಿಯನ್ನು ನೋಡಿಕೊಳ್ಳುವವರು ಮಗಳು. ಅವರು ಮಾತ್ರೆಯನ್ನೂ ಅರೆಯುವಂತಿಲ್ಲ. ಆದ್ದರಿಂದ ಕೇಳುವುದೆಲ್ಲ ಗುರುವಾರ ಮುಗಿಯಬೇಕು, ಮಾಡುವುದೆಲ್ಲ ಶುಕ್ರವಾರ. ಶನಿವಾರಕ್ಕೆ ಉಳಿಯಬೇಕಾದದ್ದು ನೋಡಿಕೊಳ್ಳುವುದೊಂದೇ. ಎಡವಿದವರೆಲ್ಲ ಈ ಕ್ರಮ ತಪ್ಪಿಸಿದವರೇ.

## ಕೈಗೆ ಸಿಗುವಂತೆ ಇರಬೇಕಾದವು

ವಾರದ ದಿನ ಮತ್ತು ಹೊತ್ತು ಬರೆದ ಮಾತ್ರೆ ಡಬ್ಬಿ, ಮಾತ್ರೆ ಪುಡಿ ಮಾಡುವ ಸಾಧನ, ಬ್ಯಾಟರಿ ಟಾರ್ಚು, ಹಿಯರಿಂಗ್ ಏಡ್‌ಗೆ ಹೊಸ ಬ್ಯಾಟರಿ, ಹರಿದಿಟ್ಟ ಟಿಶ್ಯೂ ಪೇಪರಿನ ಪೆಟ್ಟಿಗೆ, ಬಣ್ಣದ ಅಂಟುಪಟ್ಟಿ, ಸಕ್ಕರೆ ಕಾಯಿಲೆಯವರಿದ್ದರೆ ಗ್ಲುಕೋಮೀಟರ್, ನುಂಗಲು ಕಷ್ಟವಿರುವವರಿದ್ದರೆ ದ್ರವವನ್ನು ಗಟ್ಟಿ ಮಾಡುವ ಪುಡಿ. ಇವುಗಳಲ್ಲಿ ಅಂಟುಪಟ್ಟಿ ಯಾಕೆಂದು ಮೂರನೆಯ ಹಂತದಲ್ಲಿ ಹೇಳುತ್ತೇನೆ. ಹೊಸಬರು ಅದನ್ನೇ ಬಿಡುತ್ತಾರೆ.

ಏಳು ಹೀಬ್ರೂ ಪದಗಳೂ ಬೇಕು. ಮುತಾರ್ ಎಂದರೆ ಮಾಡಬಹುದು, ಅಸೂರ್ ಎಂದರೆ ಕೂಡದು. ಬಸಾರಿ ಮಾಂಸದ್ದು, ಹಲಾವಿ ಹಾಲಿನದು, ಪಾರ್ವೆ ಎಂದರೆ ಎರಡೂ ಅಲ್ಲದ್ದು. ಕೊಎವ್ ಎಂದರೆ ನೋಯುತ್ತಿದೆ, ಮಾಯಿಮ್ ಎಂದರೆ ನೀರು. ಪಾರ್ಶ್ವವಾಯು ಬಡಿದವರ ಬಾಯಲ್ಲಿ ಎಷ್ಟೋ ಸಲ ಇಡೀ ವಾಕ್ಯ ಹೊರಡುವುದಿಲ್ಲ, ಇಂಥ ಒಂದೊಂದು ಪದವಷ್ಟೇ ಹೊರಡುತ್ತದೆ.

## ಹಂತ 1: ಗುರುವಾರ ಕೂತು ಕೇಳುವುದು

ಮೊದಲು ಕೇಳಬೇಕಾದ್ದು ಯಾರನ್ನು? ನೀವು ಯಾರ ಆರೈಕೆಗೆ ಬಂದಿದ್ದೀರೋ ಅವರನ್ನು. ಅವರ ತಲೆಯ ಮೇಲಿಂದ ಮಗಳ ಜೊತೆ ಮಾತಾಡುವುದು ನಾವೆಲ್ಲ ಮಾಡುವ ತಪ್ಪು. ಗಾಲಿಕುರ್ಚಿಯಲ್ಲಿರುವವರು ಕಾಲು ಕಳೆದುಕೊಂಡಿದ್ದಾರೆ, ಅಭಿಪ್ರಾಯ ಕಳೆದುಕೊಂಡಿಲ್ಲ. ನೆನಪು ಮಾಸಿದವರಾದರೆ ಮಾತ್ರ ಮನೆಯವರನ್ನು ಕೇಳಿ. ಅದನ್ನೂ ಅವರ ಎದುರಿಗೇ ಕೇಳಿ.

ಕೇಳಬೇಕಾದ ಪ್ರಶ್ನೆಗಳು ಇಷ್ಟು. ರಾತ್ರಿ ಡಯಾಪರ್ ಬದಲಿಸಲು ದೀಪ ಬೇಕಾದರೆ ನಾನು ಹಾಕಬಹುದೇ, ಅಥವಾ ಒಂದು ದೀಪ ಉರಿಯುತ್ತಲೇ ಇರಲಿಯೇ? ಎಲೆಕ್ಟ್ರಿಕ್ ಮಂಚದ ಗುಂಡಿ ಒತ್ತಬಹುದೇ? ಊಟ ಬಿಸಿ ಮಾಡಬಹುದೇ? ನನ್ನ ಮೊಬೈಲ್ ಎಲ್ಲಿರಬೇಕು? ನಾನಿಲ್ಲದಾಗ ಇದನ್ನೆಲ್ಲ ಯಾರು ಮಾಡುತ್ತಾರೆ? ಉತ್ತರ ಗೊತ್ತಿಲ್ಲದಿದ್ದರೆ ಅವರು ತಮ್ಮ ರಬ್ಬಿಗೆ, ಅಂದರೆ ಧರ್ಮಗುರುವಿಗೆ, ಫೋನ್ ಮಾಡಿ ಕೇಳುತ್ತಾರೆ. ಗುರುವಾರ ಯಾಕೆ ಎಂದರೆ ಇದಕ್ಕೇ. ಶುಕ್ರವಾರ ಸಂಜೆ ರಬ್ಬಿಯೂ ಫೋನ್ ಎತ್ತುವುದಿಲ್ಲ.

ಉಪಕರಣ ಬೇಕಿದ್ದರೂ ಗುರುವಾರವೇ ನೋಡಿ. ಗಾಲಿಕುರ್ಚಿ, ವಾಕರ್, ಕಮೋಡ್ ಕುರ್ಚಿ ಇವನ್ನು ಠೇವಣಿ ಇಟ್ಟು ಎರವಲು ಪಡೆಯಲು ಯಾದ್ ಸಾರಾ ಎಂಬ ಸ್ವಯಂಸೇವಾ ಸಂಸ್ಥೆಯ ಶಾಖೆಗಳಿವೆ. 1976ರಲ್ಲಿ ಜೆರುಸಲೇಮಿನಲ್ಲಿ ಶುರುವಾದ ಸಂಸ್ಥೆ ಅದು. ಶುಕ್ರವಾರ ಮಧ್ಯಾಹ್ನದ ನಂತರ ಅಲ್ಲಿ ಬಾಗಿಲು ತಟ್ಟಿ ಪ್ರಯೋಜನವಿಲ್ಲ.

## ಹಂತ 2: ಶುಕ್ರವಾರ ಬೆಳಗ್ಗೆ ಮಾತ್ರೆ, ಬಟ್ಟೆ, ಊಟ

ಮಾತ್ರೆ ಡಬ್ಬಿಗೆ ಭಾನುವಾರ ಬೆಳಗಿನವರೆಗಿನ ಮಾತ್ರೆ ತುಂಬಿ. ಪುಡಿ ಮಾಡಿ ಕೊಡಬೇಕಾದ ಮಾತ್ರೆಯಿದ್ದರೆ ಈಗಲೇ ಪುಡಿ ಮಾಡಿ, ಹೊತ್ತಿಗೊಂದು ಪುಟ್ಟ ಮುಚ್ಚಳದ ಬಟ್ಟಲಿನಲ್ಲಿಡಿ. ಅರೆಯುವುದು ಆ 39 ಕೆಲಸಗಳಲ್ಲೊಂದು, ಶನಿವಾರ ಮಗಳ ಕೈ ಕಟ್ಟಿಹೋಗುತ್ತದೆ. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆಗಳನ್ನು ಪುಡಿ ಮಾಡಲೇಬಾರದು. ಔಷಧದಂಗಡಿಯವರನ್ನು ಒಮ್ಮೆ ಕೇಳಿ, ಪಟ್ಟಿ ಬರೆದು ಗೋಡೆಗೆ ಅಂಟಿಸಿ.

ಡಯಾಪರ್‌ನ ಅಂಟುಪಟ್ಟಿಯನ್ನು ಶಬ್ಬತ್ತಿನಲ್ಲಿ ಮೊದಲ ಸಲ ಬಿಚ್ಚುವುದಕ್ಕೆ ಕೆಲವು ಮನೆಗಳಲ್ಲಿ ಹಿಂಜರಿಕೆ ಇದೆ. ಬೇಕಾಗುವಷ್ಟು ಡಯಾಪರ್ ತೆಗೆದು, ಪಟ್ಟಿ ಒಮ್ಮೆ ಬಿಚ್ಚಿ ಮತ್ತೆ ಮೆಲ್ಲಗೆ ಅಂಟಿಸಿ ಜೋಡಿಸಿಡಿ. ಒಂದು ನಿಮಿಷದ ಕೆಲಸ. ಟಿಶ್ಯೂ ಪೇಪರ್ ಹರಿದಿಡಿ. ಒದ್ದೆ ಒರೆಸುಪೇಪರಿನಲ್ಲಿ ನೀರು ಹಿಂಡುವ ಪ್ರಶ್ನೆ ಬರುವುದರಿಂದ ಬದಲಿಗೆ ನೀರಿನ ಸ್ಪ್ರೇ ಬಾಟಲಿ ಮತ್ತು ಒಣ ಬಟ್ಟೆ ಇಟ್ಟುಕೊಳ್ಳುವವರೂ ಇದ್ದಾರೆ.

ಇನ್ನು ಅಡುಗೆಮನೆ. ಮಡಿಯ ಮನೆಗಳನ್ನು ನೋಡಿ ಬೆಳೆದವರಿಗೆ ಇದು ಪೂರ್ತಿ ಹೊಸದಲ್ಲ, ಆದರೆ ಅದೇ ಎಂದುಕೊಂಡರೆ ಕೆಟ್ಟಿರಿ. ಇಲ್ಲಿಯ ಭೇದ ಮಾಂಸಕ್ಕೂ ಹಾಲಿಗೂ. ಪಾತ್ರೆ, ಚಮಚ, ಒರೆಸುವ ಬಟ್ಟೆ, ಹಲವು ಕಡೆ ಸಿಂಕ್ ಕೂಡ ಎರಡೆರಡು. ನಿಮಗಾಗಿ ನೀವು ತಂದ ಒಣಮೀನು ಚಟ್ನಿ ಅವರ ಪಾತ್ರೆ ಮುಟ್ಟದಿರಲಿ. ಮೊದಲ ದಿನವೇ ನಿಮಗೊಂದು ತಟ್ಟೆ, ಲೋಟ, ಪುಟ್ಟ ಪಾತ್ರೆ ಬೇರೆ ಕೇಳಿ ಪಡೆಯಿರಿ. ಯಾರೂ ಬೇಸರಿಸಿಕೊಳ್ಳುವುದಿಲ್ಲ. ಅಡುಗೆ ನೀವೇ ಮಾಡುವುದಾದರೆ ಒಲೆ ಹಚ್ಚುವುದನ್ನು ಮನೆಯ ಯಹೂದಿ ಸದಸ್ಯರಿಗೇ ಬಿಡಿ. ಕೆಲವು ಮನೆಗಳಲ್ಲಿ ಪಾತ್ರೆಯನ್ನು ಒಲೆಯ ಮೇಲಿಡುವುದೂ ಅವರೇ ಆಗಬೇಕು. ಯಾವ ಪದ್ಧತಿ ಎಂದು ಕೇಳಿಕೊಳ್ಳಿ.

ನುಂಗಲು ಕಷ್ಟವಿರುವವರ ಶನಿವಾರದ ಊಟ ಈಗಲೇ ಮಿಕ್ಸರ್‌ನಲ್ಲಿ ನುಣ್ಣಗಾಗಬೇಕು. ಶನಿವಾರ ಮಧ್ಯಾಹ್ನ ಎಲ್ಲರಿಗೂ ಹಮಿನ್ ಬಡಿಸುತ್ತಾರೆ. ರಾತ್ರಿಯಿಡೀ ಬೆಂದ ಕಾಳು, ಗೋಧಿ, ಆಲೂಗಡ್ಡೆ, ಮಾಂಸದ ಗಟ್ಟಿ ಪದಾರ್ಥ ಅದು. ಘಮ ಎಲ್ಲರನ್ನೂ ಎಬ್ಬಿಸುತ್ತದೆ, ಅಜ್ಜನೂ ಕೈ ಚಾಚುತ್ತಾರೆ. ಇಡೀ ಕಾಳು ಗಂಟಲಲ್ಲಿ ಸಿಕ್ಕಿದರೆ ಕಷ್ಟ. ಅದೇ ಪದಾರ್ಥಗಳನ್ನು ಮೊದಲೇ ಬೇಯಿಸಿ ರುಬ್ಬಿ, ಮುಚ್ಚಳದ ಪಾತ್ರೆಯಲ್ಲಿ ಹಾಕಿ, ದೀಪ ಹಚ್ಚುವ ಮುಂಚೆಯೇ ಪ್ಲಾಟಾದ ಮೇಲಿಡಿ. ಪ್ಲಾಟಾ ಎಂದರೆ ಶನಿವಾರದ ಊಟದ ಹೊತ್ತಿನವರೆಗೆ ಬಿಸಿಯಾಗಿಯೇ ಇರುವ ತಟ್ಟೆಯಂಥ ವಿದ್ಯುತ್ ಹೆಂಚು. ಆಮೇಲೆ ತಣ್ಣಗಿನ ಸಾರು ತಂದಿಟ್ಟರೆ ಅದು ಬೇಯಿಸಿದಂತಾಗುತ್ತದೆ.

## ಹಂತ 3: ಶುಕ್ರವಾರ ಮಧ್ಯಾಹ್ನ ಸ್ನಾನ, ನಂತರ ಪ್ಲಗ್ಗುಗಳ ಸುತ್ತು

ಸ್ನಾನ ಮೊದಲು, ಉಳಿದದ್ದು ನಂತರ. ಚಳಿಗಾಲದಲ್ಲಿ ಶುಕ್ರವಾರ ಎಷ್ಟು ಗಿಡ್ಡವೆಂದರೆ ಡಿಸೆಂಬರಿನಲ್ಲಿ ಜೆರುಸಲೇಮಿನ ದೀಪದ ಹೊತ್ತು ನಾಲ್ಕು ಗಂಟೆಗೇ ಬಂದುಬಿಡುತ್ತದೆ. ಬೇಸಿಗೆಯಲ್ಲಿ ಏಳರ ಆಸುಪಾಸು. ಹೊತ್ತು ಪ್ರತಿ ವಾರ ಬದಲಾಗುತ್ತದೆ, ಹೋದ ವಾರದ ಗಡಿಯಾರ ನಂಬಬೇಡಿ.

ಸ್ನಾನದ ಹೊತ್ತಿನಲ್ಲಿ ಬೆನ್ನು, ಸೊಂಟದ ಮೂಳೆ, ಹಿಮ್ಮಡಿ ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೂ ಮಾಯವಾಗದ ಕೆಂಪು ಕಂಡರೆ ಅದು ಹಾಸಿಗೆ ಹುಣ್ಣಿನ ಮೊದಲ ಗುರುತು. ಈಗ ಕಂಡರೆ ಕ್ಲಿನಿಕ್ಕಿಗೆ ಒಂದು ಫೋನ್ ಸಾಕು. ಶನಿವಾರ ಮಧ್ಯಾಹ್ನ ಕಂಡರೆ ದಾರಿ ಅಷ್ಟು ಸುಲಭವಲ್ಲ.

ಈಗ ಅಂಟುಪಟ್ಟಿ. ಇಂಥ ಮನೆಗಳಲ್ಲಿ ಶಬ್ಬತ್ ಟೈಮರ್ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ದೀಪಗಳನ್ನು ತಾನೇ ಆರಿಸಿ, ಮಧ್ಯಾಹ್ನ ಹನ್ನೆರಡಕ್ಕೆ ಪ್ಲಾಟಾ ನಿಲ್ಲಿಸುವ ಗಡಿಯಾರ ಅದು. ನಾನು ಕಂಡ ಅತಿ ಕೆಟ್ಟ ಶನಿವಾರ ಈ ಗಡಿಯಾರದಿಂದಲೇ ಬಂತು. ಗಾಳಿ ಹಾಸಿಗೆಯ ಪಂಪನ್ನು ಯಾರೋ ದೀಪದ ಜೊತೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದ್ದರು. ಹನ್ನೊಂದಕ್ಕೆ ದೀಪ ಆರಿತು, ಪಂಪೂ ನಿಂತಿತು. ಕತ್ತಲಲ್ಲಿ ಅದರ ಗುಂಯ್ ಎನ್ನುವ ಸದ್ದು ನಿಂತದ್ದನ್ನು ನಾನು ಗಮನಿಸಲಿಲ್ಲ, ನಿಶ್ಶಬ್ದವಾಯಿತಲ್ಲ ಎಂದು ಹಾಯಾಗಿ ನಿದ್ದೆ ಮಾಡಿದೆ. ಬೆಳಗ್ಗೆ ಆರಕ್ಕೆ ಅಜ್ಜಿ ಬರಿಯ ಹಲಗೆಯಂಥ ಹಾಸಿಗೆಯ ಮೇಲಿದ್ದರು. ಅವರ ಸೊಂಟ ಸರಿಹೋಗಲು ವಾರಗಳೇ ಹಿಡಿದವು.

ಅಂದಿನಿಂದ ಕೆಂಪು ಪಟ್ಟಿ ಹಿಡಿದು ಮನೆ ಸುತ್ತುತ್ತೇನೆ. ಗಾಳಿ ಹಾಸಿಗೆ, ಆಕ್ಸಿಜನ್ ಯಂತ್ರ, ರಾತ್ರಿ ಉಸಿರಾಟದ ಯಂತ್ರ, ಗಾಲಿಕುರ್ಚಿಯ ಚಾರ್ಜರ್ ಇವುಗಳ ಪ್ಲಗ್ಗಿಗೆ ಕೆಂಪು. ಕೆಂಪು ಪಟ್ಟಿಯ ಪ್ಲಗ್ಗು ಟೈಮರಿಗೆ ಹೋಗಕೂಡದು, ನೇರ ಗೋಡೆಗೇ. ಇಡೀ ಮನೆಗೆ ಒಂದೇ ಟೈಮರ್ ಮೇನ್ ಬೋರ್ಡಿನಲ್ಲೇ ಕೂತಿದ್ದರೆ, ಕೋಣೆಯ ಯಾವ ಪ್ಲಗ್ಗು ಅದರ ಹಿಡಿತದಲ್ಲಿದೆ ಎಂದು ಮನೆಯವರಿಂದ ತೋರಿಸಿಕೊಳ್ಳಿ.

ಅದೇ ಸುತ್ತಿನಲ್ಲಿ ಹಿಯರಿಂಗ್ ಏಡ್‌ಗೆ ಹೊಸ ಬ್ಯಾಟರಿ ಹಾಕಿ ಚಾಲೂ ಮಾಡಿ ಕಿವಿಗಿಡಿ. ಫ್ರಿಜ್ಜಿನ ಬಾಗಿಲು ತೆರೆದಾಗ ಹತ್ತುವ ದೀಪವನ್ನು ಆರಿಸುವ ಏರ್ಪಾಡು ನೋಡಿ. ಶೌಚಾಲಯಕ್ಕೆ ಹೋಗುವ ದಾರಿಯ ದೀಪವೊಂದು ರಾತ್ರಿಯಿಡೀ ಉರಿಯಲಿ. ಮನೆಯವರು ಮರೆಯುವುದು ಇದನ್ನೇ, ವಯಸ್ಸಾದವರು ಬೀಳುವುದೂ ಅಲ್ಲೇ.

## ಹಂತ 4: ದೀಪ ಹಚ್ಚುವ ಹೊತ್ತು

ಜೆರುಸಲೇಮಿನಲ್ಲಿ ಸೂರ್ಯಾಸ್ತಕ್ಕೆ 40 ನಿಮಿಷ ಮುಂಚೆ ಊರಿಗೆಲ್ಲ ಕೇಳುವಂತೆ ಸೈರನ್ ಕೂಗುತ್ತದೆ. ಬೇರೆ ಬಹುತೇಕ ಊರುಗಳಲ್ಲಿ ದೀಪ ಹಚ್ಚುವುದು ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ.

ದೀಪ ಹಚ್ಚುವುದು ಸಾಮಾನ್ಯವಾಗಿ ಮನೆಯ ಹೆಂಗಸಿನ ಹಕ್ಕು. ಕೈ ನಡುಗುವ ಅಜ್ಜಿಯಿಂದ ಆ ಹಕ್ಕನ್ನು ಮೊದಲು ಕಿತ್ತುಕೊಳ್ಳುವುದು ನಮ್ಮ ಅವಸರ. ಉದ್ದ ಹಿಡಿಯ ಲೈಟರ್ ಕೊಡಿ, ಮೇಜಿನ ಎತ್ತರವನ್ನು ಗಾಲಿಕುರ್ಚಿಗೆ ಹೊಂದಿಸಿ, ಮೊಣಕೈಯನ್ನು ಕೆಳಗಿನಿಂದ ಆನಿಸಿ ಹಿಡಿಯಿರಿ. ಹಚ್ಚುವವರು ಅವರೇ ಆಗಿರಲಿ. ಆಗದೇ ಹೋದರೆ ಮಗಳು ಹಚ್ಚುತ್ತಾರೆ. ನೀವು ಹಚ್ಚಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಎಚ್ಚರ: ಆಕ್ಸಿಜನ್ ಹಾಕಿಕೊಂಡವರ ಹತ್ತಿರ ಮೇಣದ ಬತ್ತಿ ಬೇಡವೇ ಬೇಡ. ಬೆಂಕಿ ಮತ್ತು ಆಕ್ಸಿಜನ್ ನಡುವೆ ಕೋಣೆಯಷ್ಟು ದೂರ ಇರಲಿ. ಹಚ್ಚಿದ ಮೇಲೆ ದೀಪದ ತಟ್ಟೆಯನ್ನು ಮನೆಯವರು ಸರಿಸುವಂತಿಲ್ಲ, ಆದ್ದರಿಂದ ಜಾಗ ಮೊದಲೇ ಗೊತ್ತುಮಾಡಿ. ಆಸ್ಪತ್ರೆಗಳಲ್ಲಿ ಬತ್ತಿಯ ಬದಲು ವಿದ್ಯುತ್ ಬಲ್ಬು ಹಚ್ಚಲು ಅನೇಕ ರಬ್ಬಿಗಳು ಒಪ್ಪುತ್ತಾರೆ. ಮನೆಗೂ ಅದೇ ಆಗಬಹುದೇ ಎಂದು ಗುರುವಾರದ ಪ್ರಶ್ನೆಗಳಲ್ಲಿ ಸೇರಿಸಿ.

## ಹಂತ 5: ಊಟದ ಮೇಜು

ಗಾಲಿಕುರ್ಚಿಯ ಜಾಗ ಮೇಜಿನ ಮೂಲೆಯಲ್ಲಲ್ಲ. ಮೊಣಕಾಲು ಮೇಜಿನಡಿ ಸೇರುವಂತೆ ಒಂದು ಕುರ್ಚಿ ತೆಗೆದು, ಎಲ್ಲರ ಮುಖ ಕಾಣುವ ಕಡೆ ಕೂರಿಸಿ. ಮೂತ್ರದ ಚೀಲವಿದ್ದರೆ ಖಾಲಿ ಮಾಡಿ ಬಟ್ಟೆಯ ಹೊದಿಕೆ ಹಾಕಿ. ಪ್ರಾರ್ಥನೆಯ ಹೊತ್ತಿನಲ್ಲಿ ಅದು ತೆರೆದು ಕಾಣಬಾರದು ಎಂಬುದು ಅವರ ಕಟ್ಟಳೆ, ನೋಡಿದರೆ ಅವರ ಮಾನದ ಪ್ರಶ್ನೆಯೂ ಹೌದು.

ಮೊದಲು ಕಿದ್ದುಶ್. ಲೋಟದಲ್ಲಿ ದ್ರಾಕ್ಷಾರಸ ಹಿಡಿದು ಮಂತ್ರ ಹೇಳಿ ಎಲ್ಲರೂ ಗುಟುಕು ಕುಡಿಯುತ್ತಾರೆ. ಇಲ್ಲಿ ನಮ್ಮವರು ಗೊತ್ತಿಲ್ಲದೆ ಸಿಕ್ಕಿಬೀಳುತ್ತಾರೆ. ಯಹೂದಿಯಲ್ಲದವರು ಮುಟ್ಟಿದ ತೆರೆದ ವೈನ್ ಕಟ್ಟುನಿಟ್ಟಿನ ಮನೆಯವರಿಗೆ ನಿಷಿದ್ಧ. ನೀವು ಪ್ರೀತಿಯಿಂದ ಲೋಟ ಎತ್ತಿ ಅಜ್ಜನ ತುಟಿಗೆ ಹಿಡಿದರೆ ಮೇಜಿನ ಸುತ್ತ ಮೌನ ಬೀಳುತ್ತದೆ, ಯಾರೂ ಕಾರಣ ಹೇಳುವುದಿಲ್ಲ. ಇದು ನಿಮಗೆ ಮಾಡಿದ ಅವಮಾನ ಎಂದು ಮನಸ್ಸಿಗೆ ಹಚ್ಚಿಕೊಂಡು ಕೆಲಸ ಬಿಟ್ಟವರೂ ಇದ್ದಾರೆ. ಪರಿಹಾರ ಸರಳ: ಸೀಸೆಯ ಮೇಲೆ ಮೆವುಶಾಲ್ ಎಂದು ಬರೆದ ಕುದಿಸಿದ ವೈನ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. "ಲೋಟ ಹಿಡಿಯುವವಳು ನಾನು, ಆದ್ದರಿಂದ ಮೆವುಶಾಲ್ ತನ್ನಿ" ಎಂದು ಗುರುವಾರವೇ ಹೇಳಿಬಿಡಿ. ನುಂಗಲು ಕಷ್ಟವಿರುವವರಿಗೆ ತೆಳು ದ್ರವ ಅಪಾಯ, ಅವರಿಗೆ ಗಟ್ಟಿ ಮಾಡಿದ ದ್ರಾಕ್ಷಿ ರಸ.

ರೊಟ್ಟಿಗೆ ಮುಂಚೆ ಎರಡು ಹಿಡಿಯ ಚೊಂಬಿನಿಂದ ಕೈಗೆ ನೀರು ಸುರಿದುಕೊಳ್ಳುತ್ತಾರೆ. ಸಿಂಕಿನವರೆಗೆ ಹೋಗಲಾಗದವರಿಗೆ ಚೊಂಬು, ಬೋಗುಣಿ, ಟವೆಲ್ ಮೂರನ್ನೂ ಮೇಜಿಗೇ ತಂದುಕೊಡಿ.

ಮಾಂಸದ ಊಟವಾದ ಮೇಲೆ ಹಾಲಿನ ಪದಾರ್ಥಕ್ಕೆ ಹಲವು ಮನೆಗಳಲ್ಲಿ ಆರು ಗಂಟೆ ಕಾಯುತ್ತಾರೆ. ರಾತ್ರಿ ಹಾಲಿನಂಶದ ಪೌಷ್ಟಿಕ ಪಾನೀಯ ಕುಡಿಯಬೇಕಾದ ರೋಗಿಯಿದ್ದರೆ ಇದು ದೊಡ್ಡ ತೊಡಕು. ರೋಗಿಗಳಿಗೆ ಈ ಅವಧಿಯಲ್ಲಿ ರಿಯಾಯಿತಿ ಇರುತ್ತದೆ, ಆದರೆ ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ.

## ಹಂತ 6: ರಾತ್ರಿ, ಮತ್ತು ಸೂಚನೆಯ ಭಾಷೆ

ದೀಪ ಹಚ್ಚಿದ ಮೇಲೆ ಧರ್ಮಕ್ಕೆ ಕಟ್ಟುಬಿದ್ದ ಮನೆಯವರು "ಫ್ಯಾನ್ ಹಾಕು" ಎಂದು ನೇರವಾಗಿ ಹೇಳುವುದಿಲ್ಲ. "ಅಮ್ಮನಿಗೆ ಸೆಕೆಯಾಗುತ್ತಿದೆ" ಎನ್ನುತ್ತಾರೆ. "ಕೋಣೆ ತುಂಬ ಕತ್ತಲು" ಎನ್ನುತ್ತಾರೆ. ನಮ್ಮ ಅತ್ತೆಯರ ಭಾಷೆ ಗೊತ್ತಿರುವವರಿಗೆ ಇದನ್ನು ಕಲಿಯಲು ಕಷ್ಟವಿಲ್ಲ. ಹೇಳಿದ್ದು ರೋಗಿಯ ಬಗ್ಗೆಯಾದರೆ ಸುಮ್ಮನೆ ಮಾಡಿ. "ಹಾಕಲಾ? ಹಾಕಲಾ?" ಎಂದು ಮೂರು ಸಲ ಕೇಳಬೇಡಿ, ಹೂಂ ಎನ್ನುವುದಕ್ಕೂ ಅವರಿಗೆ ಸಂಕೋಚ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ಚೀಲದ ಕೊಳವೆ ಮಡಚಿದೆಯೇ ನೋಡುವುದು ಎಲ್ಲ ದಿನದಂತೆಯೇ. ಗಂಡಸರ ಆರೈಕೆಗೆ ಹೆಂಗಸರು ಅಥವಾ ಹೆಂಗಸರ ಆರೈಕೆಗೆ ಗಂಡಸರು ಇರುವ ಮನೆಯಲ್ಲಿ ಕೋಣೆಯ ಬಾಗಿಲಿಗೆ ಚಿಲಕ ಹಾಕಬೇಡಿ. ಇಬ್ಬರೇ ಮುಚ್ಚಿದ ಕೋಣೆಯಲ್ಲಿರಬಾರದು ಎಂಬ ನಿಯಮವಿದೆ. ಮದುವೆಯಾದ ಹೆಂಗಸರ ತಲೆವಸ್ತ್ರವನ್ನು ಅವರನ್ನು ಕೇಳದೆ ಬೇರೆಯವರ ಎದುರು ತೆಗೆಯಬೇಡಿ, ಅವರಿಗೆ ಮರೆವಿನ ಕಾಯಿಲೆ ಇದ್ದರೂ ಸರಿ.

## ಪ್ರಾಣಕ್ಕೆ ಅಪಾಯವಾದರೆ ಮೇಲಿನದೆಲ್ಲ ರದ್ದು

ಮುಖ ಒಂದು ಕಡೆಗೆ ವಾಲಿತು, ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ. ಎದೆನೋವು. ಉಸಿರು ಸಿಕ್ಕುತ್ತಿಲ್ಲ. ಬಿದ್ದು ತಲೆಗೆ ಪೆಟ್ಟಾಯಿತು. ಎಬ್ಬಿಸಿದರೂ ಏಳುತ್ತಿಲ್ಲ. ಇಂಥ ಯಾವುದು ಕಂಡರೂ ಮೊದಲು 101ಕ್ಕೆ ಕರೆ ಮಾಡಿ, ಅದು ಮಾಗೆನ್ ದಾವಿದ್ ಅಡೊಮ್ ಆಂಬುಲೆನ್ಸಿನ ಸಂಖ್ಯೆ. ಅನುಮತಿ ಕೇಳುತ್ತಾ ನಿಲ್ಲಬೇಡಿ. ಪ್ರಾಣ ಉಳಿಸುವುದು ಶಬ್ಬತ್ತಿಗಿಂತ ದೊಡ್ಡದು ಎಂದು ಅವರ ಧರ್ಮಶಾಸ್ತ್ರವೇ ಹೇಳುತ್ತದೆ. ಇದಕ್ಕೆ ಪಿಕೂವಹ್ ನೆಫೆಶ್ ಎನ್ನುತ್ತಾರೆ. ಅನುಮಾನವಿದ್ದರೂ ಸಾಕು, ಬೇಗ ಓಡಿದವನೇ ಮೆಚ್ಚುಗೆಗೆ ಅರ್ಹ. ಮನೆಯವರೇ ಗೊಂದಲದಲ್ಲಿ ತಡವರಿಸಿದರೆ ಆ ಎರಡು ಪದ ಗಟ್ಟಿಯಾಗಿ ಹೇಳಿ ಕರೆ ಒತ್ತಿ.

ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬಂದರೆ ಮೇಜಿನ ಮೇಲೆಯೇ ಇರುವ ದ್ರಾಕ್ಷಿ ರಸ ಅರ್ಧ ಲೋಟ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, 101 ಅಷ್ಟೇ. ಊಟದ ನಂತರ ದನಿ ಗೊರಗೊರ ಎಂದು ಒದ್ದೆಯಾಗಿ ಕೇಳಿಸಿದರೆ ಅನ್ನ ನೀರು ಉಸಿರಿನ ದಾರಿಗೆ ಇಳಿದಿರಬಹುದು. ನೇರ ಕೂರಿಸಿ, ತಿನ್ನಿಸುವುದು ನಿಲ್ಲಿಸಿ, ಜ್ವರ ಬರುತ್ತದೆಯೇ ಗಮನಿಸಿ.

## ಹಂತ 7: ಶನಿವಾರ ಹೊರಗೆ ಹೋಗುವುದು

ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಕರೆದೊಯ್ಯುವುದಾದರೆ ಕೈಯಿಂದ ತಳ್ಳುವ ಗಾಲಿಕುರ್ಚಿಯೇ ಸಲೀಸು. ಮೋಟಾರಿನದಕ್ಕೆ ಝೋಮೆತ್ ಸಂಸ್ಥೆ ರೂಪಿಸಿದಂಥ ಶಬ್ಬತ್ ಏರ್ಪಾಡು ಬೇಕು. ಊರ ಸುತ್ತ ಕಂಬ ತಂತಿಯಿಂದ ಕಟ್ಟಿದ ಎರೂವ್ ಎಂಬ ಗಡಿ ಇರುತ್ತದೆ. ಅದರೊಳಗೆ ಮಾತ್ರ ವಸ್ತು ಹೊತ್ತು ನಡೆಯಬಹುದು, ಕುರ್ಚಿ ತಳ್ಳುವುದೂ ಹೊರುವುದರಲ್ಲೇ ಸೇರುತ್ತದೆ. ಮಗ ತಳ್ಳುವುದಾದರೆ ಗಡಿ ಎಲ್ಲಿಗೆ ಮುಗಿಯುತ್ತದೆಂದು ಅವರಿಗೇ ಗೊತ್ತಿರುತ್ತದೆ. ಕುರ್ಚಿಯ ಹಿಂದಿನ ಚೀಲದಲ್ಲಿ ಮೊಬೈಲ್, ಹಣ ತುಂಬಬೇಡಿ. ಶಬ್ಬತ್ ಲಿಫ್ಟು ಗುಂಡಿ ಒತ್ತದೆಯೇ ಮಹಡಿ ಮಹಡಿಗೂ ನಿಂತು ಹೋಗುತ್ತದೆ, ಬಾಗಿಲು ತಾನೇ ಮುಚ್ಚುತ್ತದೆ. ಪಾದ ಹಲಗೆಯ ಮೇಲಿದೆಯೇ ಎಂದು ನೋಡಿಕೊಂಡು ಹಿಮ್ಮುಖವಾಗಿ ಒಳಗೆ ಎಳೆಯಿರಿ.

## ನಿಮ್ಮ ರಜೆ

1951ರ ಕಾನೂನಿನಂತೆ ನಿಮಗೆ ವಾರದ ರಜೆ ಇದೆ. ಯಹೂದಿಯಲ್ಲದವರು ಶುಕ್ರವಾರ, ಶನಿವಾರ, ಭಾನುವಾರದಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಚರ್ಚಿಗೆ ಹೋಗುವವರು ಭಾನುವಾರ ಕೇಳಿದರೆ ತಪ್ಪೇನಿಲ್ಲ. ಅದನ್ನು ಸೇರುವಾಗಲೇ ಬರಹದಲ್ಲಿ ಪಡೆಯಿರಿ. ಶನಿವಾರ ಆರಿಸಿದರೆ ಶುಕ್ರವಾರ ಮಧ್ಯಾಹ್ನವೇ ಹೊರಡಬೇಕು, ಆಮೇಲೆ ಬಹುತೇಕ ಊರುಗಳಲ್ಲಿ ಬಸ್ಸಿಲ್ಲ. ನಿಮ್ಮ ಪಾಸ್‌ಪೋರ್ಟನ್ನು ಬೇರೆಯವರು ತೆಗೆದಿಟ್ಟುಕೊಳ್ಳುವುದು ಅಲ್ಲಿ ಅಪರಾಧ. ತಕರಾರು ಬಂದರೆ ಟೆಲ್ ಅವೀವಿನಲ್ಲಿರುವ ಕಾವ್ ಲಾಓವೇದ್ ಸಂಸ್ಥೆ ಕಾರ್ಮಿಕರ ಪರ ನಿಲ್ಲುತ್ತದೆ.

ರಜೆಗೆ ಹೊರಡುವ ಮುನ್ನ ಮಗಳಿಗೆ ಕೆಂಪು ಪಟ್ಟಿ, ಪುಡಿ ಮಾತ್ರೆಯ ಬಟ್ಟಲು, ಡಯಾಪರ್ ರಾಶಿ ಮೂರನ್ನೂ ತೋರಿಸಿ. ಅವರೂ ಆರೈಕೆ ಮಾಡುವವರೇ. ವಾರವಿಡೀ ದುಡಿದು ಬಂದು ಶನಿವಾರ ತಾಯಿಯನ್ನು ಎತ್ತಿ ಕೂರಿಸುವಾಗ ಅವರ ಬೆನ್ನೂ ನೋಯುತ್ತದೆ. ಎತ್ತುವಾಗ ಮೊಣಕಾಲು ಮಡಚುವುದು ಹೇಗೆಂದು ಒಮ್ಮೆ ಮಾಡಿ ತೋರಿಸಿದರೆ ಎಷ್ಟೋ ಉಪಕಾರ.

## ಹಂತ 8: ಶನಿವಾರ ರಾತ್ರಿ

ಹೆಣೆದ ಬತ್ತಿ, ವೈನ್, ಲವಂಗದ ಡಬ್ಬಿ ಹಿಡಿದು ಹವ್ದಾಲಾ, ಅಂದರೆ ಶಬ್ಬತ್ತನ್ನು ಬೀಳ್ಕೊಡುವ ಪ್ರಾರ್ಥನೆ, ಮುಗಿಸುತ್ತಾರೆ. ಮಾತು ನಿಂತುಹೋದವರ ಮೂಗಿಗೂ ಆ ಡಬ್ಬಿ ಹೋಗಲಿ, ಲವಂಗದ ವಾಸನೆಗೆ ಕಣ್ಣರಳಿಸುವವರನ್ನು ಕಂಡಿದ್ದೇನೆ. ನಂತರ ಟೈಮರ್ ತೆಗೆಯಿರಿ, ಚಾರ್ಜಿಗಿಡಿ, ಬೆನ್ನು ಹಿಮ್ಮಡಿ ಇನ್ನೊಮ್ಮೆ ನೋಡಿ. ಆ 25 ಗಂಟೆಗಳಲ್ಲಿ ಏನೇನು ಸಾಲದಾಯಿತು ಎಂದು ಅಂದೇ ರಾತ್ರಿ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಗುರುವಾರ ಅದನ್ನು ಹಿಡಿದು ಕೂರಬಹುದು.